ಬಲ ತುಂಬಿದ ಮೇಲೆ ಕೊಳೆಯುತ್ತದೆಯೇ?

ಗಿಡದಿಂದ ಮಾಡಿದ ಪ್ಲಾಸ್ಟಿಕ್ಕಿಗೆ ಗಿಡದ್ದೇ ನಾರು ಬೆರೆಸಿದರೆ ಅದು ತಾನಾಗಿ ಮಣ್ಣು ಸೇರುತ್ತದೆ ಎಂಬ ನಂಬಿಕೆ ಹಬ್ಬುತ್ತಿದೆ. ಇದು ತಪ್ಪು. ಒಂದು ವಸ್ತು ಕೊಳೆಯುವುದನ್ನು ನಿರ್ಧರಿಸುವುದು ಅದರ ಹುಟ್ಟಲ್ಲ, ರಾಸಾಯನಿಕ ರಚನೆ.

ಮೆಕ್ಕೆಜೋಳ, ಕಬ್ಬುಗಳಿಂದ ತಯಾರಾಗುವ ಪಿಎಲ್‌ಎ ಪ್ಲಾಸ್ಟಿಕ್ 60 ಡಿಗ್ರಿ ಆಸುಪಾಸಿನಲ್ಲೇ ಮೆತ್ತಗಾಗುತ್ತದೆ. ಅದಕ್ಕೆ ಬಿಗಿ ತರಲು ಗಿಡದ ನಾರಿನಲ್ಲಿರುವ ಸೆಲ್ಯುಲೋಸಿನ ನ್ಯಾನೊ ಎಳೆಗಳನ್ನು ಬೆರೆಸುತ್ತಾರೆ. ಕಬ್ಬಿನ ಸಿಪ್ಪೆಯಿಂದಲೂ ತೆಗೆಯಬಹುದಾದ ಈ ಎಳೆ ತಲೆಗೂದಲಿಗಿಂತ ಸಾವಿರಾರು ಪಟ್ಟು ಸಪೂರ. ಆದರೆ ಅದಕ್ಕೆ ನೀರೆಂದರೆ ಪ್ರೀತಿ, ಪಿಎಲ್‌ಎಗೆ ನೀರು ಆಗದು. ಹಾಗೇ ಬೆರೆಸಿದರೆ ಎಳೆಗಳು ಗಂಟುಕಟ್ಟುತ್ತವೆ. ಆದ್ದರಿಂದ ಅವುಗಳ ಮೈಯಲ್ಲಿ ನೀರನ್ನು ಸೆಳೆಯುವ ಹೈಡ್ರಾಕ್ಸಿಲ್ ಗುಂಪುಗಳಿಗೆ ಅಸಿಟೈಲ್‌ನಂಥ ಗುಂಪುಗಳನ್ನು ಜೋಡಿಸುತ್ತಾರೆ.

ನನ್ನ ಆತಂಕ ಇಲ್ಲಿಂದ ಶುರು: ಈ ಜೋಡಣೆಯೇ ಕೊಳೆಯುವುದನ್ನು ತಡೆದರೆ? ಸಿಗರೇಟಿನ ಫಿಲ್ಟರನ್ನೇ ನೋಡಿ. ಅದೂ ಮರದ ತಿರುಳಿನದೇ. ಸೆಲ್ಯುಲೋಸಿನ ಪ್ರತಿ ಗ್ಲೂಕೋಸ್ ಘಟಕದಲ್ಲಿ ಮೂರು ಹೈಡ್ರಾಕ್ಸಿಲ್‌ಗಳಿವೆ. ಅವುಗಳಲ್ಲಿ ಸರಾಸರಿ ಎರಡೂವರೆಯಷ್ಟಕ್ಕೆ ಅಸಿಟೈಲ್ ಕೂಡಿಸಿದರೆ ಫಿಲ್ಟರಿನ ಸೆಲ್ಯುಲೋಸ್ ಅಸಿಟೇಟ್ ಸಿಗುತ್ತದೆ. ಮೊದಲು ಆ ಅಸಿಟೈಲ್ ಕಳಚಬೇಕು, ಆಮೇಲಷ್ಟೇ ಸೂಕ್ಷ್ಮಜೀವಿಗಳ ಕಿಣ್ವಗಳಿಗೆ ಸೆಲ್ಯುಲೋಸಿನ ಮೇಲೆ ಹಿಡಿತ. ಬಿದ್ದ ಎಲೆ ಕೊಳೆಯುವ ಅದೇ ಚರಂಡಿಯಲ್ಲಿ ಫಿಲ್ಟರ್ ವರ್ಷಗಟ್ಟಲೆ ಉಳಿಯುತ್ತದೆ. ಗಿಡದ ಹೆಸರು ಅದನ್ನು ಕೊಳೆಸಲಿಲ್ಲ!

ಇದಕ್ಕೆ ವಿಜ್ಞಾನಿಗಳ ಉತ್ತರ ಹಗುರವಾದದ್ದಲ್ಲ. ನ್ಯಾನೊ ಎಳೆಯಲ್ಲಿ ಬದಲಾಗುವುದು ಹೊರಮೈ ಮಾತ್ರ, ಒಳಗೆ ಅಪ್ಪಟ ಸೆಲ್ಯುಲೋಸೇ ಉಳಿಯುತ್ತದೆ. ಬಲ ಬಂದರೆ ಹಾಳೆಯನ್ನು ತೆಳ್ಳಗೆ ಮಾಡಬಹುದು, ಕಸವೂ ಕಡಿಮೆ. ಎಳೆಗಳ ಗುಂಟ ನೀರು ಒಳನುಗ್ಗಿ ಪಿಎಲ್‌ಎ ಬೇಗ ಒಡೆಯುವುದೂ ಉಂಟು. ಈ ಮೂರನ್ನೂ ಒಪ್ಪುತ್ತೇನೆ. ಆದರೆ ಇವೆಲ್ಲ ಎಳೆಯ ಪ್ರಮಾಣ, ಮಾರ್ಪಾಟಿನ ಬಗೆ, ಬೀಳುವ ಜಾಗವನ್ನು ಅವಲಂಬಿಸಿವೆ. ಹಾಗಾಗಿ ಒಂದೊಂದು ಮಿಶ್ರಣವನ್ನೂ ಬೇರೆಯಾಗಿ ಕೊಳೆಸಿ ನೋಡಲೇಬೇಕು.

ಎಲ್ಲಿ ಕೊಳೆಸಬೇಕು? ಕಾಂಪೋಸ್ಟ್ ಆಗುವ ಪ್ಲಾಸ್ಟಿಕ್ಕಿಗೆ ನಮ್ಮ ದೇಶದಲ್ಲಿ ಅನ್ವಯಿಸುವ ಐಎಸ್/ಐಎಸ್‌ಒ 17088 ಮಾನದಂಡದ ಪರೀಕ್ಷೆ ಸುಮಾರು 58 ಡಿಗ್ರಿ ಕಾವಿನಲ್ಲಿ, ಹದವಾದ ಕಾಂಪೋಸ್ಟಿನಲ್ಲಿ ನಡೆಯುತ್ತದೆ. ಕಾಂಪೋಸ್ಟ್ ಘಟಕಕ್ಕೇ ಹೋಗುವ ಚೀಲಕ್ಕೆ ಅದು ಸರಿ. ಕೋಲಾರದ ಟೊಮೆಟೊ ಸಾಲುಗಳಲ್ಲಿ ಮಣ್ಣಿಗೆ ಹೊದಿಸುವ ಮಲ್ಚಿಂಗ್ ಶೀಟಿಗೆ ಅದು ಸಾಲದು. ಆ ಶೀಟು ಬೆಳೆ ಮುಗಿಯುವವರೆಗೆ ಹರಿಯದೆ ನಿಲ್ಲಬೇಕು, ನಂತರ ಹೊಲದ ಕಾವಿನಲ್ಲೇ ಕರಗಬೇಕು. ನ್ಯಾನೊ ಎಳೆಗಳ ಬಲಕ್ಕೆ ನಿಜವಾದ ಕೆಲಸವಿರುವುದು ಇಂಥ ಕಡೆ. ಅಲ್ಲಿಗೆ ಹೊಸ ಶೀಟು ತರುವವರು ಎಳೆತ ತಾಳುವ ಬಲದ ಅಂಕಿಯ ಪಕ್ಕದಲ್ಲೇ, 30 ಡಿಗ್ರಿಯ ಹೊಲದ ಮಣ್ಣಲ್ಲಿ ಒಂದು ವರ್ಷ ಹೂತಿಟ್ಟಾಗ ಅದರಲ್ಲಿ ಎಷ್ಟು ಪಾಲು ಉಳಿಯಿತು ಎಂಬ ಅಂಕಿಯನ್ನೂ ರೈತನ ಮುಂದಿಡಬೇಕು.