ಕೆರೆಯ ದಂಡೆ ವಾಕಿಂಗ್‌ಗಷ್ಟೇ ಸಾಕೆ?

ಸಂಜೆ ಹೊತ್ತು ನದಿ ದಂಡೆಯಲ್ಲಿ ಕೂರುವ ಭಾಗ್ಯ ಬೆಂಗಳೂರಿಗರಿಗಿಲ್ಲ. ಇಲ್ಲೇ ಹುಟ್ಟುವ ವೃಷಭಾವತಿ ಕೊಳಚೆ ಹೊತ್ತು ಹರಿಯುತ್ತಿದೆ. ಹಾಗಾಗಿ ಬನ್ನೇರುಘಟ್ಟ ರಸ್ತೆಯ ಹುಳಿಮಾವಿನಂಥ ಊರುಗಳಿಗೆ ಕೆರೆಯ ಏರಿಯೇ ನದಿ ದಂಡೆ.

ಆ ಏರಿಯ ಬೆಲೆ ಏನೆಂದು 2019ರ ನವೆಂಬರ್ 24ರಂದು ಗೊತ್ತಾಯಿತು. ಭಾನುವಾರ ಹುಳಿಮಾವು ಕೆರೆ ಒಡೆದು ತಗ್ಗಿನ ಬಡಾವಣೆಗಳ ನೂರಾರು ಮನೆಗಳಿಗೆ ನೀರು ನುಗ್ಗಿತು. ಏರಿಯ ಬಳಿ ಅಗೆದದ್ದೇ ಇದಕ್ಕೆ ಕಾರಣವೆಂದು ಆಗ ವರದಿಯಾಯಿತು. ಕೆರೆಯಂಚಿನ ಉದ್ಯಾನವೆಂದರೆ ಮೊದಲು ಗಟ್ಟಿ ಏರಿ, ಒತ್ತುವರಿಯಿಲ್ಲದ ರಾಜಕಾಲುವೆ; ಬೆಂಚು, ದೀಪ, ಬಣ್ಣದ ಕಮಾನುಗಳೆಲ್ಲ ಆಮೇಲೆ.

ಇನ್ನೊಂದು ಪ್ರಶ್ನೆ ನಮ್ಮಂಥ ಯುವಜನರದು. ಕೆರೆ ಅಭಿವೃದ್ಧಿ ಎಂದರೆ ಸಾಮಾನ್ಯವಾಗಿ ಬೇಲಿ ಮತ್ತು ನಡಿಗೆ ಪಥ. ಹಿರಿಯರಿಗೆ ಅದು ಬೇಕು, ಸರಿ. ಆದರೆ ಪಿ.ಜಿ.ಯ ಒಂದು ಕೋಣೆಯಲ್ಲಿ ಮೂವರೊಂದಿಗೆ ಇರುವ ಹುಡುಗ, ಓದಲು ಜಾಗವಿಲ್ಲದ ಹುಡುಗಿ ಎಲ್ಲಿಗೆ ಹೋಗಬೇಕು? ಮಾಲ್‌ನಲ್ಲಿ ಕೂರಬೇಕಾದರೂ ಕೈಯಲ್ಲಿ ಕಾಫಿ ಕಪ್ ಇರಬೇಕು. ದುಡ್ಡು ಕೊಡದೆ ಕೂರಬಹುದಾದ ಜಾಗ ಉದ್ಯಾನವೊಂದೇ. ನಗರದ ಉದ್ಯಾನಗಳನ್ನು ಬೆಳಿಗ್ಗೆ 5ರಿಂದ ರಾತ್ರಿ 10ರವರೆಗೆ ತೆರೆದಿಡುವುದಾಗಿ 2024ರ ಜೂನ್‌ನಲ್ಲಿ ಸರ್ಕಾರ ಪ್ರಕಟಿಸಿದ್ದು ಒಳ್ಳೆಯ ಹೆಜ್ಜೆ. ಆದರೆ ಗೇಟು ತೆರೆದರಷ್ಟೇ ಸಾಲದು. ಬೆಳಕು, ಶುಚಿಯಾದ ಶೌಚಾಲಯ, ಕಾವಲು ಇಲ್ಲದಿದ್ದರೆ ಹೆಣ್ಣುಮಕ್ಕಳ ಪಾಲಿಗೆ ಆ ಗೇಟು ಮುಚ್ಚಿದಂತೆಯೇ.

ಜನ ಹೆಚ್ಚಿದರೆ ಹಕ್ಕಿಗಳಿಗೆ ತೊಂದರೆಯಲ್ಲವೇ ಎಂಬ ಆಕ್ಷೇಪವಿದೆ. ಅದು ನಿಜವೇ. ಉತ್ತರ ಪಕ್ಕದ ಜೆ.ಪಿ. ನಗರದಲ್ಲೇ ಇದೆ. ಅಲ್ಲಿನ ಪುಟ್ಟೇನಹಳ್ಳಿ ಕೆರೆ ಸುಮಾರು 13 ಎಕರೆಯ ಪುಟ್ಟ ಕೆರೆ. ನಿವಾಸಿಗಳು 2010ರಲ್ಲಿ ಟ್ರಸ್ಟ್ ಕಟ್ಟಿಕೊಂಡು, ಮರುವರ್ಷ ಪಾಲಿಕೆಯೊಂದಿಗೆ ಒಪ್ಪಂದ ಮಾಡಿಕೊಂಡರು. ಹತ್ತಿರದ ಅಪಾರ್ಟ್‌ಮೆಂಟ್‌ಗಳ ಸಂಸ್ಕರಿಸಿದ ನೀರು ಕೆರೆಗೆ ಸೇರುವಂತಾಯಿತು. ಜನ ಅಲ್ಲಿ ನಡೆಯುತ್ತಾರೆ, ಗಿಡ ನೆಡುತ್ತಾರೆ, ಹಕ್ಕಿಗಳೂ ಬರುತ್ತವೆ.

ಹುಳಿಮಾವಿನಲ್ಲೂ ಇದು ಆಗಬಹುದು. ನೀರಿನಂಚನ್ನು ಹಕ್ಕಿಗಳಿಗೆ ಬಿಟ್ಟು, ರಸ್ತೆಯ ಬದಿಯಲ್ಲಿ ಓದುವ ಕಟ್ಟೆ, ಆಡುವ ಬಯಲು ಮಾಡಲಿ. ಕಾಂಕ್ರೀಟಿಗಿಂತ ನೆರಳಿಗೆ ಹೆಚ್ಚು ಖರ್ಚಾಗಲಿ. ಯೋಜನೆ ಬರೆಯುವ ಮೊದಲು ವಾರ್ಡ್ ಸಭೆಗೆ ವಿದ್ಯಾರ್ಥಿಗಳನ್ನೂ ಕರೆಯಲಿ. ಕರೆದರೆ ನಾವೂ ಹೋಗೋಣ. ಕೆರೆಯ ಪಕ್ಕ ಕೂತು ಬೆಳೆದ ಪೀಳಿಗೆಯೇ ನಾಳೆ ಅದರ ಏರಿಯನ್ನು ಕಾಯುವುದು.