ವಿಕಿರಣಮಾಪಕ: ಬೈಕಂಪಾಡಿಗೂ ಪಾಲುಂಟೇ?

2008ರ ಅಕ್ಟೋಬರ್ 22ರಂದು ಉಡಾವಣೆಗೊಂಡ ಚಂದ್ರಯಾನ–1 ನೌಕೆಯಲ್ಲಿ ವಿಕಿರಣವನ್ನು ಅಳೆಯುವ ‘ರಾಡೋಮ್’ ಎಂಬ ಉಪಕರಣವಿತ್ತು. ತೂಕ ಕಾಲು ಕಿಲೋಗ್ರಾಮಿಗಿಂತಲೂ ಕಡಿಮೆ. ಅದನ್ನು ಒದಗಿಸಿದ್ದು ಬಲ್ಗೇರಿಯದ ವಿಜ್ಞಾನ ಅಕಾಡೆಮಿ. ಚಿಕ್ಕ ದೇಶವೊಂದು ಚಿಕ್ಕ ವಸ್ತುವೊಂದರಲ್ಲಿ ಪರಿಣತಿ ಸಾಧಿಸಿ ಚಂದ್ರನವರೆಗೆ ತಲುಪಿದ್ದು ಸಣ್ಣ ಉದ್ಯಮಿಗಳಿಗೆ ಚಿಂತನಾರ್ಹ ಸಂಗತಿ.

ಭೂಮಿಯ ವಾಯುಮಂಡಲ ಹಾಗೂ ಕಾಂತಕ್ಷೇತ್ರದ ರಕ್ಷಣೆಯಾಚೆ ವಿದ್ಯುದಾವಿಷ್ಟ ಕಣಗಳು ಯಾನಿಗಳ ದೇಹಕ್ಕೂ ಎಲೆಕ್ಟ್ರಾನಿಕ್ ಬಿಡಿಭಾಗಗಳಿಗೂ ಹಾನಿ ಮಾಡುತ್ತವೆ. ಇಂತಹ ಕಣವು ತೆಳು ಸಿಲಿಕಾನ್ ಬಿಲ್ಲೆಯನ್ನು ಹಾಯ್ದಾಗ ಉಂಟಾಗುವ ಅಲ್ಪ ವಿದ್ಯುದಾವೇಶವನ್ನು ಅಳೆದು ಲೆಕ್ಕವಿಡುವುದೇ ಈ ಉಪಕರಣದ ಕಾರ್ಯ.

ಈ ವಿಷಯ ಕರಾವಳಿಗೆ ಅಪರಿಚಿತವಲ್ಲ. 1975ರಲ್ಲಿ ‘ಆರ್ಯಭಟ’ದ ನಿರ್ಮಾಣಕ್ಕೆ ನೇತೃತ್ವ ನೀಡಿದ ಉಡುಪಿ ಸಮೀಪದ ಅದಮಾರಿನ ಪ್ರೊ. ಯು.ಆರ್. ರಾವ್ ಮೂಲತಃ ವಿಶ್ವಕಿರಣಗಳ ಸಂಶೋಧಕರು. ಕೊಣಾಜೆಯ ಮಂಗಳೂರು ವಿಶ್ವವಿದ್ಯಾನಿಲಯದ ಮೈಕ್ರೋಟ್ರಾನ್ ಕೇಂದ್ರದಲ್ಲಿ ಅರೆವಾಹಕ ಬಿಡಿಭಾಗಗಳ ಮೇಲೆ ಎಲೆಕ್ಟ್ರಾನ್ ಕಿರಣದ ಪರಿಣಾಮ ಕುರಿತ ಅಧ್ಯಯನಗಳು ನಡೆದಿವೆ. ಪ್ರೋಟಾನ್ ಪರೀಕ್ಷೆಗೆ ಬೇರೆಡೆ ಹೋಗಬೇಕಾದರೂ ಪ್ರಾಥಮಿಕ ಅನುಭವ ಮನೆಬಾಗಿಲಲ್ಲೇ ಇದೆ.

2020ರಲ್ಲಿ ಬಾಹ್ಯಾಕಾಶ ಕ್ಷೇತ್ರ ಖಾಸಗಿಯವರಿಗೆ ತೆರೆಯಿತು. 2023ರಲ್ಲಿ ರಾಷ್ಟ್ರೀಯ ನೀತಿಯೂ ಪ್ರಕಟವಾಯಿತು. ಆದರೆ ಉತ್ಸಾಹಕ್ಕೆ ಮುನ್ನ ಲೆಕ್ಕಾಚಾರ ಅಗತ್ಯ. ಇಲ್ಲಿ ಬೇಡಿಕೆ ಸಾವಿರಗಟ್ಟಲೆ ಇರದು, ಬೆರಳೆಣಿಕೆಯಷ್ಟೇ. ಲೋಹ ಎಲ್ಲಿಂದ ಬಂತು, ಬೆಸುಗೆ ಯಾರದು, ಯಾವ ಪರೀಕ್ಷೆ ನಡೆಯಿತು ಎಂಬ ದಾಖಲೆ ಇಲ್ಲದಿದ್ದರೆ ಉತ್ತಮ ಬಿಡಿಭಾಗವೂ ತಿರಸ್ಕೃತವಾಗಬಹುದು. ಈ ದಾಖಲೆಯ ವೆಚ್ಚವನ್ನು ದರಪಟ್ಟಿಯಲ್ಲಿ ಸೇರಿಸದವನಿಗೆ ನಷ್ಟ ಖಚಿತ.

ಹಣದ ಹರಿವೂ ಮುಖ್ಯ. ಸೂಕ್ಷ್ಮ ಹಾಗೂ ಸಣ್ಣ ಉದ್ಯಮಗಳಿಗೆ 45 ದಿನಗಳೊಳಗೆ ಪಾವತಿಯಾಗಬೇಕೆಂದು 2006ರ ಕಾಯಿದೆ ವಿಧಿಸುತ್ತದೆ. ಆದರೆ ಸರಕು ತಲುಪಿದ 15 ದಿನಗಳೊಳಗೆ ಖರೀದಿದಾರನು ಲಿಖಿತ ಆಕ್ಷೇಪ ಎತ್ತಿದರೆ, ಅದು ಪರಿಹಾರವಾದ ಬಳಿಕವೇ ಗಡುವಿನ ಎಣಿಕೆ ಆರಂಭ. ಆದುದರಿಂದ ಮುಂಗಡ, ಹಂತವಾರು ಪಾವತಿ, ತಿರಸ್ಕೃತ ಸರಕಿನ ಹೊಣೆ ಇವೆಲ್ಲ ಕರಾರಿನಲ್ಲೇ ಸ್ಪಷ್ಟವಾಗಿರಬೇಕು.

ಮೊದಲ ಆರ್ಡರಿನ ಆಸೆಗೆ ಸಾಲ ಮಾಡಿ ಧೂಳುರಹಿತ ಕೊಠಡಿ ಕಟ್ಟುವುದು ವಿವೇಕವಲ್ಲ. ಹೊರಕವಚ, ಕೇಬಲ್ ಜೋಡಣೆ, ಪರೀಕ್ಷಾ ಸಾಧನಗಳಂತಹ ಕೆಲಸಗಳಿಂದ ಆರಂಭಿಸಿ, ದುಬಾರಿ ಸೌಲಭ್ಯಗಳನ್ನು ಹಲವರು ಹಂಚಿಕೊಳ್ಳುವುದು ಕ್ಷೇಮಕರ. ಕೊಣಾಜೆಯ ವಿಜ್ಞಾನಿಗಳನ್ನೂ ಬೈಕಂಪಾಡಿಯ ತಯಾರಕರನ್ನೂ ಒಂದೇ ಮೇಜಿನ ಸುತ್ತ ಕೂರಿಸುವ ಕಾರ್ಯಕ್ಕೆ ವಾಣಿಜ್ಯ ಸಂಸ್ಥೆಗಿಂತ ಸೂಕ್ತ ವೇದಿಕೆ ಇನ್ನೊಂದಿಲ್ಲ. ಈ ಸಂಪರ್ಕ ಏರ್ಪಡದಿದ್ದರೆ ಅವಕಾಶ ಬೆಂಗಳೂರು, ಹೈದರಾಬಾದುಗಳ ಪಾಲಾಗುವುದು ನಿಶ್ಚಿತ.