ನೀರುನಾಯಿಯ ಲೆಕ್ಕ ಬರೆಯುವವರು

ಸರ್ಕಾರ ಗಡಿ ಗುರುತಿಸಿ ಆದೇಶ ಹೊರಡಿಸಿದ ಮೇಲೆ ಊರವರಿಗೆ ಉಳಿಯುವ ಕೆಲಸವಾದರೂ ಏನು? 2015ರಲ್ಲಿ ಮುದ್ಲಾಪುರದಿಂದ ಕಂಪ್ಲಿವರೆಗಿನ ಸುಮಾರು 34 ಕಿಲೋಮೀಟರ್ ತುಂಗಭದ್ರಾ ಹೊಳೆಯನ್ನು ರಾಜ್ಯ ಸರ್ಕಾರ ನೀರುನಾಯಿ ಸಂರಕ್ಷಣಾ ಮೀಸಲು ಪ್ರದೇಶವೆಂದು ಘೋಷಿಸಿದಂದಿನಿಂದ ಈ ಪ್ರಶ್ನೆ ನಮ್ಮ ಕೊಪ್ಪಳ ಜಿಲ್ಲೆಯ ಮುಂದಿದೆ. ನೀರುನಾಯಿಗೆಂದೇ ಮೀಸಲಾದ ಪ್ರದೇಶ ದೇಶದಲ್ಲಿ ಅದೇ ಮೊದಲು. 2019ರಲ್ಲಿ ಈ ಹೊಳೆಯಲ್ಲಿರುವ ಜಾತಿಯ ನೀರುನಾಯಿ ವನ್ಯಜೀವಿಗಳ ಅಂತರರಾಷ್ಟ್ರೀಯ ವ್ಯಾಪಾರ ಕುರಿತ ಸೈಟ್ಸ್ ಒಪ್ಪಂದದ ಮೊದಲನೇ ಅನುಬಂಧಕ್ಕೂ ಸೇರಿತು. ಅದರ ಚರ್ಮವನ್ನೋ ಮರಿಯನ್ನೋ ದೇಶದಿಂದ ದೇಶಕ್ಕೆ ಮಾರುವಂತಿಲ್ಲ. ಇಷ್ಟೆಲ್ಲ ಆದ ಮೇಲೆ ಕಾಯುವುದು ಇಲಾಖೆಯ ಪಾಲಿನದು, ಸಂಬಳ ಕೊಡುವುದೇ ಅದಕ್ಕೆ ಎನ್ನುವವರಿದ್ದಾರೆ.

ಆ ಮಾತನ್ನು ನಾನು ಪೂರ್ತಿ ತಳ್ಳಿಹಾಕುವುದಿಲ್ಲ. ಸಿಡಿಮದ್ದು ಹಾಕಿ ಮೀನು ಹಿಡಿಯುವವನನ್ನು ತಡೆಯಲು ಹವ್ಯಾಸಿಗಳನ್ನು ಕಳಿಸುವುದು ತಪ್ಪು. ಕತ್ತಲಲ್ಲಿ ಉಸುಕು ತುಂಬುವ ಟ್ರ್ಯಾಕ್ಟರಿಗೆ ಊರ ಹುಡುಗರು ಅಡ್ಡ ನಿಲ್ಲಬೇಕೆಂದು ಯಾರೂ ಕೇಳಬಾರದು. ಅದಕ್ಕೆ ಸಮವಸ್ತ್ರ ಬೇಕು, ಅಧಿಕಾರ ಬೇಕು. ಆದರೆ ಹೊಳೆಯನ್ನು ಕಾಡಿನಂತೆ ಕಾಯಲಾಗುವುದಿಲ್ಲ. ಅದಕ್ಕೆ ಬೇಲಿಯಿಲ್ಲ, ಗೇಟಿಲ್ಲ. ದಂಡೆಯುದ್ದಕ್ಕೂ ಭತ್ತದ ಗದ್ದೆ, ಪಂಪ್‌ಸೆಟ್ಟು, ಆನೆಗೊಂದಿ ಹಂಪಿಗಳ ನಡುವೆ ಹರಿಗೋಲು, ಸಾಣಾಪುರದ ಬಂಡೆಗಳ ಮೇಲೆ ಪ್ರವಾಸಿಗರು. ಇವರೆಲ್ಲರ ನಡುವೆಯೇ ನೀರುನಾಯಿ ಬದುಕಬೇಕು. ಇಲಾಖೆಯ ಜೀಪು ದಿನಕ್ಕೊಮ್ಮೆ ಹಾದುಹೋದರೂ ಹೊಳೆಯಲ್ಲಿ ಏನು ಬದಲಾಯಿತೆಂದು ಅದಕ್ಕೆ ತಿಳಿಯದು. ಅದು ತಿಳಿಯುವುದು ಒಂದೇ ಜಾಗವನ್ನು ವರ್ಷಗಟ್ಟಲೆ ನೋಡಿದವರಿಗೆ ಮಾತ್ರ.

ಹಾಗೆ ನೋಡುವುದಕ್ಕೆ ದುಬಾರಿ ಕ್ಯಾಮೆರಾ ಬೇಡ. ನೀರುನಾಯಿಗಳು ಗುಂಪಾಗಿ ಬಾಳುವ ಪ್ರಾಣಿಗಳು. ಹಿಕ್ಕೆ ಹಾಕುವುದಕ್ಕೂ ಗುಂಪಿಗೆಲ್ಲ ಸೇರಿ ಗೊತ್ತಾದ ಬಂಡೆಗಳು, ಉಸುಕಿನ ದಿಬ್ಬಗಳು ಇರುತ್ತವೆ. ಮತ್ತೆ ಮತ್ತೆ ಅಲ್ಲಿಗೇ ಬರುತ್ತವೆ. ಹಿಕ್ಕೆಯಲ್ಲಿ ಮೀನಿನ ಹುರುಪೆ, ಮುಳ್ಳು, ಏಡಿಯ ಚಿಪ್ಪಿನ ಚೂರು ಬರಿಗಣ್ಣಿಗೇ ಕಾಣುತ್ತವೆ. ಹಸಿಯೋ ಒಣಗಿದ್ದೋ ನೋಡಿದರೆ ಗುಂಪು ಈಚೆಗೆ ಬಂದಿತ್ತೋ ಇಲ್ಲವೋ ಗೊತ್ತಾಗುತ್ತದೆ. ಗೊತ್ತುಮಾಡಿದ ಬಂಡೆಗಳಿಗೆ ತಿಂಗಳಿಗೊಮ್ಮೆ ಹೋಗಿ, ಕಂಡದ್ದನ್ನು ಬರೆದು, ಕಾಣದಿದ್ದರೆ ‘ಇಲ್ಲ’ ಎಂದೂ ಬರೆಯುವುದು: ಕೆಲಸ ಇಷ್ಟೇ. ಆ ‘ಇಲ್ಲ’ ಬರೆಯುವುದೇ ಕಷ್ಟ. ಖಾಲಿ ಬಂಡೆಯ ಫೋಟೊ ಯಾರೂ ತೆಗೆಯುವುದಿಲ್ಲ, ಯಾರಿಗೂ ಕಳಿಸುವುದಿಲ್ಲ.

ಇಂಗ್ಲೆಂಡಿನ ಕಥೆ ಇಲ್ಲಿ ಕಲಿಸುವಂಥದ್ದು. 1977–79ರಲ್ಲಿ ಅಲ್ಲಿ ದೇಶದುದ್ದಕ್ಕೂ ಹೊಳೆದಂಡೆಗಳನ್ನು ಹುಡುಕಿದಾಗ ಸುಮಾರು ಶೇಕಡಾ 6ರಷ್ಟು ಜಾಗಗಳಲ್ಲಿ ಮಾತ್ರ ನೀರುನಾಯಿಯ ಗುರುತು ಸಿಕ್ಕಿತ್ತು. ಡೀಲ್ಡ್ರಿನ್‌ನಂಥ ಕೀಟನಾಶಕಗಳು ಹೊಳೆಗಿಳಿದು ಮೀನಿನ ಮೂಲಕ ಅವುಗಳ ಮೈ ಸೇರಿದ್ದು ಆ ಕುಸಿತಕ್ಕೆ ಮುಖ್ಯ ಕಾರಣ. ವಿಷಕ್ಕೆ ನಿಷೇಧ ಬಿತ್ತು, ಬೇಟೆ ನಿಂತಿತು, ಸಮೀಕ್ಷೆ ಮಾತ್ರ ನಿಲ್ಲಲಿಲ್ಲ. 2009–10ರ ಹೊತ್ತಿಗೆ ಗುರುತು ಸಿಕ್ಕ ಜಾಗಗಳು ಶೇಕಡಾ 59ರ ಹತ್ತಿರ ಬಂದವು. ಉಳಿಸಿದ್ದು ಕಾನೂನು, ಒಪ್ಪುತ್ತೇನೆ. ಆದರೆ ಕಾನೂನು ಫಲಿಸಿತೆಂದು ಹೇಳಲು ಆಧಾರವಾದದ್ದು ಆ ಹಿಕ್ಕೆಯ ಲೆಕ್ಕ.

ನಮ್ಮಲ್ಲಿ ಅಂಥ ಲೆಕ್ಕ ಎಷ್ಟು ಬೇಕಿತ್ತೆಂದು 2024ರ ಆಗಸ್ಟ್ ತೋರಿಸಿತು. 10ರ ರಾತ್ರಿ ತುಂಗಭದ್ರಾ ಜಲಾಶಯದ 19ನೇ ಕ್ರೆಸ್ಟ್ ಗೇಟಿನ ಚೈನು ತುಂಡಾಗಿ ಗೇಟೇ ಕೊಚ್ಚಿಹೋಯಿತು. ಎಷ್ಟು ಟಿಎಂಸಿ ಹೋಯಿತು, ಎರಡನೇ ಬೆಳೆಗೆ ನೀರುಂಟೋ ಎಂದು ರೈತರು ಕಂಗಾಲಾದರು. ಆ ಕಳವಳ ನ್ಯಾಯವಾದದ್ದೇ. ಆದರೆ ಅದೇ ನೀರು ನುಗ್ಗಿದ್ದು ನೀರುನಾಯಿಗಳು ಬಿಲ ಮಾಡಿಕೊಳ್ಳುವ ದಂಡೆಗಳ ಮೇಲೆ. ಅವಕ್ಕೇನಾಯಿತೆಂದು ಹೇಳಬೇಕಾದರೆ ಆಗಸ್ಟಿಗೆ ಮೊದಲೇ, ತಿಂಗಳು ತಿಂಗಳೂ, ಯಾವ ಬಂಡೆಯಲ್ಲಿ ಏನಿತ್ತೆಂದು ಯಾರಾದರೂ ಬರೆದಿಟ್ಟಿರಬೇಕು. ಅನಾಹುತವಾದ ಮೇಲೆ ಶುರುವಾದ ಎಣಿಕೆಯಿಂದ ನಷ್ಟ ಅಳೆಯಲು ಬರುವುದಿಲ್ಲ.

ಹಾಗಾದರೆ ಬರೆಯುವವರು ಯಾರು? ಹೊಳೆಯನ್ನು ದಿನವೂ ನೋಡುವವನು ಮೀನುಗಾರ. ಆತನನ್ನು ಬಿಟ್ಟು ಮಾಡುವ ಯಾವ ಕಾವಲೂ ಅರೆಬರೆಯೇ. ಆದರೆ ಆತನಿಗೆ ನೀರುನಾಯಿ ಪಾಲು ಕೇಳುವ ಪ್ರಾಣಿ. ಅದರ ಆಹಾರದಲ್ಲಿ ಬಹುಪಾಲು ಮೀನೇ. ಬಲೆಗೆ ಸಿಕ್ಕಿದ್ದನ್ನು ಕಿತ್ತು ತಿನ್ನುವಾಗ ಬಲೆಯೂ ಹರಿಯುತ್ತದೆ. ಬಾಂಗ್ಲಾದೇಶದ ನಡಾಯಿಲ್ ಕಡೆಯ ಬೆಸ್ತರು ಇದೇ ಜಾತಿಯ ನೀರುನಾಯಿಗಳನ್ನು ಪಳಗಿಸಿ, ಮೀನನ್ನು ಬಲೆಯತ್ತ ಅಟ್ಟಲು ಬಳಸುತ್ತಾರೆ. ಅದು ಅವರ ಹೊಳೆಯ ರೂಢಿ, ಇಲ್ಲಿ ಪ್ರಾಣಿ ಸಾಕಬೇಕೆಂದು ನಾನು ಹೇಳುತ್ತಿಲ್ಲ. ಇಬ್ಬರ ನಡುವಿನ ಹಗೆ ಹುಟ್ಟಿನಿಂದ ಬಂದದ್ದಲ್ಲ ಎಂಬುದಷ್ಟೇ ಅದರಿಂದ ತಿಳಿಯುವುದು. ಇಲ್ಲಿ ಆತನ ಬಲೆಗೆ ಪರಿಹಾರ ಬೇಕು, ಬರೆಯುವ ಕೆಲಸಕ್ಕೆ ದಿನಗೂಲಿ ಬೇಕು. ಸ್ವಯಂಸೇವೆ ಎಂಬ ಹೆಸರಿನಲ್ಲಿ ಬಡವನಿಂದ ಬಿಟ್ಟಿ ದುಡಿಮೆ ಕೇಳುವುದನ್ನು ನಾನು ಒಪ್ಪಲಾರೆ. ನಿವೃತ್ತ ಮೇಷ್ಟ್ರು, ಕಾಲೇಜು ಹುಡುಗಿ, ಅಂಗಡಿಯಾತ ತಮ್ಮ ಭಾನುವಾರವನ್ನು ಕೊಡಬಹುದು. ದಿನದ ಅನ್ನವನ್ನೇ ಹೊಳೆಯಿಂದ ತರುವವನು ಕೊಡಬೇಕಾಗಿಲ್ಲ.

ಭಾನುವಾರ ಕೊಡುವವರಿಗೂ ಒಂದು ಮಾತು. ಬಿಲದ ಜಾಗವನ್ನು ಮೊಬೈಲಿನಲ್ಲಿ ಹಂಚಬೇಡಿ. ಮರಿ ಇರುವ ಕಡೆ ಡ್ರೋನ್ ಹಾರಿಸಬೇಡಿ.

ನಮ್ಮ ಬೇವೂರು ಎರೆಹೊಲದ ಊರು, ಹೊಳೆದಂಡೆಯದಲ್ಲ; ನಮಗೇಕೆ ಈ ಉಸಾಬರಿ ಎಂದು ಕೇಳುವವರಿಗೆ ನಾನು ಹಿರೇಹಳ್ಳವನ್ನು ತೋರಿಸುತ್ತೇನೆ. 2019ರಲ್ಲಿ ಕೊಪ್ಪಳದ ಗವಿಮಠದ ಅಭಿನವ ಗವಿಸಿದ್ಧೇಶ್ವರ ಸ್ವಾಮೀಜಿ ಮುಂದೆ ನಿಂತು ಅದರ ಹೂಳು, ಜಾಲಿ, ಕಸ ತೆಗೆಸಿದರು. ಸ್ವತಃ ಹಳ್ಳಕ್ಕಿಳಿದರು, ಊರೂರಿನ ಜನ ಜತೆಗೂಡಿದರು. ಆ ಹಳ್ಳ ಸೇರುವುದು ತುಂಗಭದ್ರೆಯನ್ನೇ. ಕರೆದರೆ ಜನ ಬರುತ್ತಾರೆಂದು ಅಲ್ಲಿ ಕಂಡಿತು. ಆದರೆ ಸ್ವಚ್ಛತೆಗೆ ಒಂದು ಋತುವಿನ ಉತ್ಸಾಹ ಸಾಕು. ಕಾಯುವುದಕ್ಕೆ, ಕರೆದವರು ಪಕ್ಕದಲ್ಲಿ ಇಲ್ಲದ ತಿಂಗಳಲ್ಲೂ ಹೋಗಬೇಕು.

ಕಾನೂನಿನಲ್ಲಿ ಇದಕ್ಕೊಂದು ಬಾಗಿಲಿದೆ. ವನ್ಯಜೀವಿ ಕಾಯ್ದೆಗೆ 2002ರ ತಿದ್ದುಪಡಿಯಿಂದ ಸೇರಿದ 36ಬಿ ಕಲಮಿನ ಪ್ರಕಾರ ಇಂಥ ಮೀಸಲು ಪ್ರದೇಶಕ್ಕೆ ನಿರ್ವಹಣಾ ಸಮಿತಿ ಇರಬೇಕು. ಅದರಲ್ಲಿ ಆ ವ್ಯಾಪ್ತಿಯ ಪ್ರತಿ ಗ್ರಾಮ ಪಂಚಾಯಿತಿಯಿಂದ ಒಬ್ಬರು, ವನ್ಯಜೀವಿ ಸಂರಕ್ಷಣೆಯ ಸ್ವಯಂಸೇವಾ ಸಂಸ್ಥೆಗಳಿಂದ ಮೂವರು, ಕೃಷಿ ಮತ್ತು ಪಶುಸಂಗೋಪನೆ ಇಲಾಖೆಗಳಿಂದ ಒಬ್ಬೊಬ್ಬರು ಕೂರಬೇಕು. ಬಂಡೆಗಳ ಆ ತಿಂಗಳ ಲೆಕ್ಕ ಹೋಗಬೇಕಾದ್ದು ಈ ಸಮಿತಿಯ ಮೇಜಿಗೆ, ಅದಕ್ಕೂ ಮೊದಲು ದಂಡೆಯ ಊರುಗಳ ಗ್ರಾಮಸಭೆಗೆ. ಮೂರು ತಿಂಗಳು ಒಂದೇ ಬಂಡೆಯ ಮುಂದೆ ‘ಇಲ್ಲ’ ಎಂದಿದ್ದರೆ, ಆ ಮೈಲಿಯಲ್ಲಿ ಉಸುಕು ತೆಗೆದವರಾರು, ಮದ್ದಿನ ಸದ್ದು ಕೇಳಿಸಿತ್ತೆ, ಗದ್ದೆಗೆ ಹೊಡೆದ ಔಷಧಿ ಯಾವುದು ಎಂದು ಅಲ್ಲಿಯೇ, ಎಲ್ಲರೆದುರು ಕೇಳಬೇಕು.